ಕಾಕೂನ ಮೊಣಕಾಲಿನ ಫೋಟೋ

ಗೋಕಾಕದ ಒಂದು ದವಾಖಾನೆಯಲ್ಲಿ ನಾನು ಎಕ್ಸರೇ ತೆಗೆಯುತ್ತಿದ್ದೆ. ನಮ್ಮ ಕಡೆ ಜನ ಅದಕ್ಕೆ ‘ಫೋಟೋ’ ಅನ್ನುತ್ತಿದ್ದರಿಂದ, ಫೋಟೋ ಸ್ಟುಡಿಯೋದಲ್ಲಿ ಆಗುವುದೆಲ್ಲ ನನ್ನ ಖೋಲಿಯಲ್ಲೂ ಆಗುತ್ತಿತ್ತು. ಮೂಡಲಗಿ ಕಡೆಯ ಕುರಿಗಾರ ಅಜ್ಜನೊಬ್ಬ ಮೊಣಕಾಲು ತೋರಿಸಲು ಬಂದವನು ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು, ಮೀಸೆ ತಿರುವಿ, ಆಮೇಲೆ ಮಲಗಿದ. ಫಿಲ್ಮ್ ತೊಳೆದು ತೋರಿಸಿದರೆ ಬಹಳ ಹೊತ್ತು ಹಿಂದೆಮುಂದೆ ತಿರುಗಿಸಿ ನೋಡಿ, “ಪಟಗಾ ಎಲ್ಲಿ ಹೋತೋ ತಮ್ಮಾ?” ಅಂದ. ಇಂಥವು ವಾರಕ್ಕೊಂದು ಇದ್ದೇ ಇರುತ್ತಿದ್ದವು. ಆದರೆ ಕೌಜಲಗಿಯಿಂದ ಬಂದ ಗಂಡ ಹೆಂಡತಿ, ನಾನು ಕಾಕಾ ಕಾಕೂ ಅನ್ನುತ್ತಿದ್ದವರ ಸುದ್ದಿ ಬೇರೆ. ಅವರನ್ನು ನೆನೆದರೆ ನಗು ಬರುತ್ತದೆ, ಜೊತೆಗೆ ಕಣ್ಣೂ ಒದ್ದೆಯಾಗುತ್ತದೆ.

೧. ಭಾರ ಹಾಕ್ರಿ

ಇಬ್ಬರಿಗೂ ಅರವತ್ತು ದಾಟಿತ್ತು. ಜೈನರ ಒಕ್ಕಲುತನದ ಮನೆ. ಕಾಕೂಗೆ ಬೆಳಗಾವಿಯಲ್ಲಿ ಅರ್ಧ ಮೊಣಕಾಲು ಬದಲಿ ಮಾಡಿದ್ದರು. ಸವೆದುಹೋದ ಒಳಮಗ್ಗಲು ಮಾತ್ರ ತೆಗೆದು ಅಲ್ಲಿ ಲೋಹ ಕೂರಿಸಿದ್ದರು, ಹೊರಮಗ್ಗಲು ಹುಟ್ಟಿದಾಗಿನದೇ. ಒಂದು ವರ್ಷ ಚೆನ್ನಾಗಿದ್ದ ಕಾಲು ಮತ್ತೆ ನೋಯತೊಡಗಿತ್ತು.

“ಅರ್ಧಾ ಬೆಳಗಾವಿ ಡಾಕ್ಟರದು, ಅರ್ಧಾ ನಂದು,” ಅಂದಳು ಕಾಕೂ. “ಯಾವ ಅರ್ಧಾ ನೋಯಾಕತ್ತೈತಿ ಅಷ್ಟ ಹೇಳ್ರಿ. ನಂದಾದ್ರ ತಡಕೋತೇನಿ. ಅವರದಾದ್ರ ಮತ್ತ ಕೊಯ್ತಾರ, ಅದಕ್ಕ ನಾ ಒಲ್ಲೆ.”

ಆಕೆಯ ಭಯವೆಲ್ಲ ಅದೊಂದೇ, ಮತ್ತೊಮ್ಮೆ ಕೊಯ್ಯುತ್ತಾರೆ ಅನ್ನುವುದು. ಮೊದಲ ಸಲ ಆಪರೇಶನ್ ಟೇಬಲ್ ಮೇಲೆ ಮಲಗಿಸಿದಾಗ ಊರಿನ ಎಲ್ಲ ದೇವರನ್ನೂ ಕರೆದಿದ್ದಳಂತೆ.

ಕೀಲಿನ ಸಂದು ಸರಿಯಾಗಿ ಕಾಣಬೇಕಾದರೆ ನಿಂತು, ಎರಡೂ ಕಾಲಿನ ಮೇಲೆ ಭಾರ ಹಾಕಬೇಕು. “ಹಾಕೇನಲ್ಲೋ ತಮ್ಮಾ” ಅಂದಳು. ಫಿಲ್ಮ್ ನೋಡಿದರೆ ಭಾರವೆಲ್ಲ ಒಳ್ಳೆಯ ಕಾಲಿನ ಮೇಲೆ, ನೋಯುವ ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ. ಹೀಗಾದರೆ ನೋವು ಎಲ್ಲಿದೆ ಎಂದು ಹೇಗೆ ತಿಳಿಯಬೇಕು ಅಂತ ನಾನು ರೇಗಿದೆ.

“ಭಾರ ಹಾಕಿ ನೋವು ಮಾಡ್ಕೊಳ್ಳಾಕ ಗೋಕಾಕಕ್ಕ ಯಾಕ ಬರ್ತಿದ್ದೆ?” ಅಂದಳು ಕಾಕೂ. “ಅದು ಮನ್ಯಾಗನ ಆಗ್ತಿತ್ತಲ್ಲ!”

೨. ಮೊಣಕಾಲಿಗೆ ಬೆರಳು

ಎರಡನೆಯ ಸಲ ಹೇಗೋ ಒಪ್ಪಿಸಿ ನಿಲ್ಲಿಸಿದೆ. ಕಾಕಾನನ್ನು ಹೊರಗೆ ಕಳಿಸಿ, ಸೀಸದ ಪಡದೆಯ ಹಿಂದೆ ಹೋಗಿ ಬಟನ್ ಒತ್ತಿದೆ. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಗಿಸಿದ ಡಾಕ್ಟರು ಹತ್ತಿರ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಏನಪಾ, ಮೊಣಕಾಲಿಗೆ ಬೆರಳು ಮೂಡ್ಯಾವಲ್ಲ?” ಎಂದರು.

ಹೌದು, ಕೀಲಿನ ಪಕ್ಕದಲ್ಲೇ ನಾಲ್ಕು ಬೆರಳಿನ ಎಲುಬು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದರಲ್ಲಿ ಉಂಗುರವೂ ಇತ್ತು. ಬಾಗಿಲಲ್ಲಿ ನಿಂತಿದ್ದ ಕಾಕಾ ತನ್ನ ಉಂಗುರದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡ.

“ಅಕಿ ಥರಥರ ನಡಗಾಕತ್ತಿದ್ದಳ್ರಿ,” ಅಂದ. “ಕಾಲು ಕೈ ಕೊಡತೈತೇನೋ ಅಂತ ಈ ತಮ್ಮ ಪಡದೆ ಹಿಂದ ಹೋದಾಗ ಒಳಗ ಬಂದು ಬಗ್ಗಿ ಹಿಡದೆ.”

ನಾನು ಬೈದೆ, ಬೈಯುವುದು ನನ್ನ ಕೆಲಸ. ಕಾಕೂ ಮಾತ್ರ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. “ಲಗ್ನ ಆದಾಗಿಂದ ಮಂದಿ ಮುಂದ ಒಂದ ದಿನ ಮುಟ್ಟಿದವರಲ್ರಿ ಇವರು. ಈಗ ನೋಡ್ರಿ, ಫೋಟೋದಾಗ ಸಿಕ್ಕಬಿದ್ರು!”

೩. ಗ್ರಹಣ

ಮೂರನೆಯ ಫಿಲ್ಮ್ ಚೊಕ್ಕ ಬಂತು. ಡಾಕ್ಟರು ಕಣ್ಣು ಕಿರಿದು ಮಾಡಿ ನೋಡಿದರು. “ಲೋಹ ಇದ್ದಲ್ಲೇ ಇದೆಯೋ, ಸರಿದಿದೆಯೋ, ಇದೊಂದರಿಂದ ಹೇಳಲಾಗದು. ಆಪರೇಶನ್ ಆದಮೇಲೆ ಬೆಳಗಾವಿಯಲ್ಲಿ ತೆಗೆದ ಫಿಲ್ಮ್ ತರ್ರಿ. ಎರಡನ್ನೂ ಜೋಡಿಸಿ ನೋಡಬೇಕು. ಸರಿದಿದ್ದರೆ ಮತ್ತೆ ತೆರೆಯಬೇಕಾಗುತ್ತದೆ.”

ಕಾಕೂನ ಮುಖ ಸಣ್ಣದಾಯಿತು. ಕಾಕಾ ತಲೆಯೆತ್ತಿ ಛತ್ತು ನೋಡತೊಡಗಿದ.

“ಹೇಳ್ರಿ ಈಗ,” ಅಂದಳು ಕಾಕೂ. “ಗ್ರಹಣ ಹಿಡದಾಗ ಏನ ಮಾಡಿದ್ರಿ ಹೇಳ್ರಿ.”

ಎಕ್ಸರೇ ಫಿಲ್ಮಿನೊಳಗಿಂದ ಸೂರ್ಯಗ್ರಹಣ ನೋಡುವುದು ಆಗ ಎಲ್ಲ ಊರಲ್ಲೂ ಇತ್ತು. ಇಡೀ ಓಣಿಯಲ್ಲಿ ಫಿಲ್ಮ್ ಇದ್ದದ್ದು ಇವರ ಮನೆಯಲ್ಲಿ ಮಾತ್ರ. ಕೇಳಲು ಬಂದವರಿಗೆ ಇಲ್ಲ ಅನ್ನಲಾಗದೆ ಕಾಕಾ ಆ ಬೆಳಗಾವಿಯ ಫಿಲ್ಮನ್ನೇ ಕತ್ತರಿಸಿ ಹಂಚಿಬಿಟ್ಟಿದ್ದ.

ಫಿಲ್ಮಿನಿಂದ ಗ್ರಹಣ ನೋಡಿದರೆ ಕಣ್ಣು ಹಾಳಾಗುತ್ತವೆ ಎಂದು ಡಾಕ್ಟರು ಮೊದಲು ಅದಕ್ಕೆ ಬೈದರು. ಆಮೇಲೆ ಕಾಲಿನ ಫಿಲ್ಮ್ ಹಾಳುಮಾಡಿದ್ದಕ್ಕೆ ಬೈದರು. ಕಾಕಾ ಎಲ್ಲ ಕೇಳಿಸಿಕೊಂಡು, “ಗ್ರಹಣ ಭಾಳ ಛಲೋ ಕಂಡಿತ್ರಿ” ಅಂದ.

೪. ಓಣಿಯೆಲ್ಲ ಬಂತು

ನಾಲ್ಕು ದಿನ ಬಿಟ್ಟು ದವಾಖಾನೆಯ ಮುಂದೆ ಒಂದು ಟೆಂಪೋ ನಿಂತಿತು. ಕಾಕಾ, ಕಾಕೂ, ಅವರ ಹಿಂದೆ ಅರ್ಧ ಓಣಿ. ಕಾಕೂಗೆ ಮತ್ತೆ ಕೊಯ್ಯುತ್ತಾರಂತೆ ಎಂದು ಕೇಳಿ ಯಾರಿಗೂ ಮನೆಯಲ್ಲಿ ನಿಲ್ಲಲಾಗಿರಲಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಫಿಲ್ಮಿನ ಒಂದು ತುಂಡು. ಒಂದು ತುಂಡು ಯಾರದೋ ಮಗಳ ಜೊತೆ ಹುಕ್ಕೇರಿಗೆ ಹೋಗಿತ್ತಂತೆ, ಅದನ್ನೂ ತರಿಸಿದ್ದರು. ಒಬ್ಬಾಕೆ ಕೊಡುವಾಗ ನನ್ನ ಕಿವಿಯಲ್ಲಿ, “ಕೆಲಸ ಮುಗದ ಮ್ಯಾಲ ವಾಪಸ್ ಕೊಡ್ರಿ, ಮುಂದಿನ ಗ್ರಹಣಕ್ಕ ಬೇಕು” ಅಂದಳು.

ಡಾಕ್ಟರು, ನಾನು ಸೇರಿ ತುಂಡುಗಳನ್ನು ದೀಪದ ಪೆಟ್ಟಿಗೆಯ ಮೇಲೆ ಜೋಡಿಸುತ್ತ ಹೋದೆವು. ತೊಡೆ ಬಂತು, ಮೀನಖಂಡ ಬಂತು, ಸುತ್ತಲಿನ ಕಪ್ಪೆಲ್ಲ ಬಂತು. ನಡುವೆ ಅಂಗೈಯಗಲದ ಖಾಲಿ ಜಾಗ. ಮೊಣಕಾಲೇ ಇಲ್ಲ.

“ಬೇಕಾಗಿದ್ದು ಅದೊಂದ, ಅದ ಇಲ್ಲ,” ಅಂದರು ಡಾಕ್ಟರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಕೂ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಕಣ್ಣು ಒರೆಸಿಕೊಂಡಳು.

ಕಾಕಾ ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದ. ಆಚೆ ಈಚೆ ನೋಡಿ, ಅಂಗಿಯ ಒಳಕಿಸೆಯಿಂದ ಮಡಿಚಿದ ಅರಿವೆ ತೆಗೆದ. ಒಳಗೆ ಮೊಣಕಾಲು ಇತ್ತು, ಒಂದು ಗೆರೆಯೂ ಬೀಳದೆ.

“ಕಾಕಾ, ಮೊದಲ ಯಾಕ ಹೇಳಲಿಲ್ರಿ?”

“ಮಂದಿ ಮುಂದ ಹೆಂಗ ಹೇಳ್ಲೋ?” ಅವನ ದನಿ ಇಳಿಯಿತು. “ಕತ್ತರಿ ಹಿಡಕೊಂಡು ಕುಂತೆ. ಆ ಕಾಲು ಪಟ್ಟ ತ್ರಾಸು ಕಂಡೇನಿ. ಅದರ ಮ್ಯಾಲ ಮತ್ತ ಕತ್ತರಿ ಹಾಕಾಕ ಕೈ ಬರಲಿಲ್ಲ. ಸುತ್ತಲಿಂದಷ್ಟ ಕತ್ತರಿಸಿ ಕೊಟ್ಟೆ.”

ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಒಳಗೆ ಒಯ್ದು ಖಾಲಿ ಜಾಗದಲ್ಲಿ ಇಟ್ಟೆ.

ಡಾಕ್ಟರು ಹಳೆಯದು, ಹೊಸದು ಎರಡನ್ನೂ ಅಳೆದು ನೋಡಿದರು. ಓಣಿಯವರೆಲ್ಲ ದೀಪದ ಪೆಟ್ಟಿಗೆಯ ಸುತ್ತ ಮುಕುರಿದರು. “ಕೂದಲೆಳೆಯಷ್ಟೂ ಸರಿದಿಲ್ಲ,” ಅಂದರು ಕೊನೆಗೆ. ಹೊರಮಗ್ಗಲೂ ಚೆನ್ನಾಗಿತ್ತು. ಕೈಯಿಂದ ಒತ್ತಿ ನೋಡಿದರೆ, ನೆಲಕ್ಕೆ ಕೂತು ಕಾಲು ಮಡಚಿ ರೊಟ್ಟಿ ಬಡಿದು ಬಡಿದು ಕೀಲಿನ ಕೆಳಗಿನ ಸ್ನಾಯು ಬಾತಿತ್ತು, ಅಷ್ಟೆ. ಗುಳಿಗೆ ಬರೆದು, ಇನ್ನು ನೆಲಕ್ಕೆ ಕೂರಬೇಡಿ ಎಂದರು. ಕೊಯ್ಯುವ ಮಾತೇ ಇಲ್ಲ.

ಓಣಿಯೆಲ್ಲ ಒಮ್ಮೆಲೇ ಮಾತಾಡತೊಡಗಿತು. ಆ ನಡುವಿನ ತುಂಡು ಎಲ್ಲಿ ಸಿಕ್ಕಿತೆಂದು ಕಾಕೂ ಕೇಳಿದಳು. ನನ್ನ ಬಾಯಿ ನಿಲ್ಲಲಿಲ್ಲ, ಎಲ್ಲರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ. ಕಾಕಾ ನಾಚಿ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ಕಾಕೂ ಗಂಡನನ್ನು ನೋಡಿದಳು. ಕಣ್ಣಲ್ಲಿ ನೀರು ನಿಂತಿತ್ತು. ಆಮೇಲೆ ದೀಪದ ಪೆಟ್ಟಿಗೆಯ ಮೇಲಿನ ತುಂಡುಗಳ ಕಡೆ ತಿರುಗಿ, ಒಂದೊಂದಕ್ಕೂ ಬೆರಳು ತೋರಿಸುತ್ತ ಅಂದಳು:

“ಮೊಣಕಾಲೇನೋ ನಂದಂತ ಉಳಿಸಿದ್ರಿ, ಖರೆ. ಈ ತೊಡಿ, ಈ ಮೀನಖಂಡ ಯಾರದು ಅಂತ ಓಣಿಗೆಲ್ಲ ಹಂಚಿದ್ರಿ?”