ಟರ್ಕಿ ಹೊತ್ತ ಅಳಿಯ

ಈ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುವುದರೊಳಗೆ ಮಾವನ ಬಾಯಿಂದ ‘ಅಲ್ಯುಮಿನಿಯಂ’ ಎಂದು ಹೇಳಿಸಿಯೇ ತೀರುತ್ತೇನೆಂದು ಕ್ಲೈವ್ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

“ಅಪ್ಪ ಹುಟ್ಟಿದಾಗಿಂದ ಅಲೂಮಿನಂ ಅಂತಿದಾರೆ. ಈ ವಯಸ್ಸಲ್ಲಿ ಅಕ್ಷರಾಭ್ಯಾಸ ಮಾಡಿಸ್ತೀಯಾ?” ಎಂದಳು ಡಾರ್ಲಾ.

ಮದುವೆಯಾಗಿ ಇಂಗ್ಲೆಂಡಿನಿಂದ ಅಮೆರಿಕದ ಓಹಿಯೋಗೆ ಬಂದ ಕ್ಲೈವ್ ಎಲ್ಲದಕ್ಕೂ ಒಗ್ಗಿಹೋಗಿದ್ದ. ಟೀಗೆ ಐಸ್ ಹಾಕಿ ಕೊಟ್ಟಾಗಲೂ ಕಣ್ಣು ಮುಚ್ಚಿ ಕುಡಿದಿದ್ದ. ಆದರೆ ಅಮೆರಿಕದವರು ತಮ್ಮದೇ ರೀತಿಯಲ್ಲಿ ಹೇಳುವ ಈ ಒಂದು ಲೋಹದ ಹೆಸರಿನ ವಿಷಯದಲ್ಲಿ ಮಾತ್ರ ಬಗ್ಗುವ ಆಸಾಮಿಯಲ್ಲ. ಮಾವ ವೆರ್ನನ್ ಏನು ಕಮ್ಮಿಯೇ? ಏಣಿಯ ಮಾತು ಬರಲಿ, ಕಿಟಕಿಯ ಮಾತು ಬರಲಿ, ಅಳಿಯನ ಮುಖ ನೋಡಿಕೊಂಡೇ ‘ಅಲೂಮಿನಂ’ ಎಂದು ಒತ್ತಿ ಹೇಳುವರು. ಬೇರೆಯವರ ಮುಂದೆ ಅವನನ್ನು ‘ಆ ಇಂಗ್ಲೆಂಡಿನವನು’ ಎನ್ನುವರು. ಕ್ಲೈವ್‌ಗೆ ನಿಜವಾಗಿ ನೋಯುತ್ತಿದ್ದುದು ಇದೇ. ಅದಕ್ಕೇ ಈ ಸಲ ಟರ್ಕಿ ಕೋಳಿ ಬೇಯಿಸುವ ಭಾರವನ್ನು ಅತ್ತೆ ಅರ್ಮಾ ಅವರಿಂದ ಬೇಡಿ ಪಡೆದಿದ್ದ. ಹಬ್ಬದ ಟರ್ಕಿಯನ್ನು ಮೇಜಿಗೆ ತಂದಿಟ್ಟವನು ಮನೆಯವನಾಗದೆ ಇನ್ನೇನಾಗುತ್ತಾನೆ!

ಬೆಳಗಿನಿಂದ ಬೆಣ್ಣೆ ಸವರಿ ಸವರಿ ಅವನು ಟರ್ಕಿಯನ್ನು ಮದುಮಗಳಂತೆ ಸಿಂಗರಿಸಿದ. ಅಂಗಡಿಯಿಂದ ತಂದ, ಬಳಸಿ ಬಿಸಾಡುವ ತೆಳು ಟ್ರೇಯಲ್ಲಿ ಅದು ಹೊಂಬಣ್ಣಕ್ಕೆ ತಿರುಗಿತು. ನೆಂಟರೆಲ್ಲ ಮೇಜಿನ ಸುತ್ತ ಕೂತರು. ಕ್ಲೈವ್ ಟ್ರೇಯ ಎರಡು ಅಂಚು ಹಿಡಿದು ಪಟ್ಟದಾನೆಯ ಗತ್ತಿನಲ್ಲಿ ಹೊರಟ.

“ಏಯ್, ಕೆಳಗೊಂದು ಗಟ್ಟಿ ತಟ್ಟೆ ಇಟ್ಕೊಳಯ್ಯಾ. ಅದು ಬರೀ ಅಲೂಮಿನಂ,” ಎಂದರು ವೆರ್ನನ್.

ಬುದ್ಧಿಯಿದ್ದವನು ತಟ್ಟೆ ಇಟ್ಟುಕೊಳ್ಳುತ್ತಿದ್ದ. ಕ್ಲೈವ್ ನಡುಮನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, “ಅಲ್ಯುಮಿನಿಯಂ,” ಎಂದು ತಿದ್ದಿದ.

ಅಷ್ಟರಲ್ಲಿ ಟ್ರೇ ನಡುವಿಗೆ ಮಡಚಿಕೊಂಡಿತು. ಟರ್ಕಿ ನೆಲಕ್ಕೆ ಬಿದ್ದು, ತನ್ನದೇ ಬೆಣ್ಣೆಯ ಮೇಲೆ ಜಾರಿ, ತೆರೆದಿದ್ದ ಹಿಂಬಾಗಿಲಿನಿಂದ ಮೆಟ್ಟಿಲಿಳಿದು, ವೆರ್ನನ್ ಗುಡಿಸಿಟ್ಟಿದ್ದ ತರಗೆಲೆ ರಾಶಿಯಲ್ಲಿ ಹುದುಗಿತು. ಬದುಕಿದ್ದಾಗಲೂ ಅದು ಅಷ್ಟು ಜೋರಾಗಿ ಓಡಿರಲಿಕ್ಕಿಲ್ಲ! ಖಾಲಿ ಟ್ರೇ ಹಿಡಿದ ಕ್ಲೈವ್‌ಗೆ ಆ ರಾಶಿಯಲ್ಲೇ ಹೋಗಿ ಮಲಗಿಬಿಡೋಣ ಎನಿಸಿತು. ಈ ಮನೆಯ ಋಣ ಇವತ್ತಿಗೆ ತೀರಿತು ಎಂದೇ ತಿಳಿದ.

ಅರ್ಮಾ ಏನೂ ಆಗದವರಂತೆ ಫ್ರಿಜ್ಜಿನಿಂದ ಹಂದಿಮಾಂಸದ ಹ್ಯಾಮ್ ತೆಗೆದು ಬಿಸಿಗಿಟ್ಟರು. ಹಿಸುಕಿದ ಆಲೂಗಡ್ಡೆ, ಹುರುಳಿಕಾಯಿ, ಕುಂಬಳಕಾಯಿ ಪೈ ಹೇಗೂ ಇದ್ದವು. ಊಟಕ್ಕೆ ಮೊದಲು ಒಬ್ಬೊಬ್ಬರೂ ತಮ್ಮ ಕೃತಜ್ಞತೆ ಹೇಳುವ ಪದ್ಧತಿ. ಆರೋಗ್ಯಕ್ಕೆ, ಮಕ್ಕಳಿಗೆ, ಹೊಸ ಕಾರಿಗೆ ವಂದನೆಗಳು ಸಂದವು. ವೆರ್ನನ್ ಸರದಿ ಬಂತು. ಕ್ಲೈವ್ ತಲೆ ತಗ್ಗಿಸಿದ.

“ಮದುವೆಯಾದಾಗಿಂದ ಪ್ರತಿ ವರ್ಷ ಟರ್ಕಿ ತಿಂದಿದೀನಿ. ತೆಂಗಿನ ನಾರು ಅಗಿದ ಹಾಗಿರುತ್ತೆ. ಅರ್ಮಾಗೆ ಬೇಜಾರಾಗುತ್ತೆ ಅಂತ ಬಾಯಿ ಬಿಟ್ಟಿರಲಿಲ್ಲ,” ಎಂದರು ವೆರ್ನನ್.

“ಅಯ್ಯೋ, ನಿಮಗಿಷ್ಟ ಅಂತಲ್ವಾ ನಾನು ಮಾಡ್ತಿದ್ದಿದ್ದು. ನನಗೂ ಅದು ಸೇರಲ್ಲ,” ಎಂದರು ಅರ್ಮಾ.

ಮೇಜಿನ ಸುತ್ತ ಒಂದೊಂದೇ ಕೈ ಮೇಲೆದ್ದಿತು. ಯಾರಿಗೂ ಸೇರುತ್ತಿರಲಿಲ್ಲ!

ವೆರ್ನನ್ ಹ್ಯಾಮಿನ ಮೊದಲ ತುಂಡನ್ನು ಕ್ಲೈವ್ ತಟ್ಟೆಗೆ ಬಡಿಸಿದರು. ಕ್ಲೈವ್ ಕಣ್ಣು ತುಂಬಿತು. ಇಷ್ಟು ಒಳ್ಳೆಯ ಜನ ತನಗೆ ಸಿಕ್ಕಿದರಲ್ಲ ಎಂದು ಎದೆಯುಬ್ಬಿ ಬಂತು. ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾವ ಅವನ ಭುಜ ತಟ್ಟಿದರು.

“ಮಗಾ, ಮುಂದಿನ ವರ್ಷವೂ ಟರ್ಕಿ ನೀನೇ ಎತ್ಕೊಂಡು ಬಾ.”