ತಾಲ್ಲೂಕು ತುಂಬಿದೊಡನೆ ಹಾರುವ ಅರ್ಜಿಯವರಿಗೆ

ಮಾನ್ಯರೇ,

ಹರಿಹರದ ಸಹಕಾರ ಸಂಘವೊಂದರ ವೆಬ್‌ಸೈಟಿನಲ್ಲಿ ಬಿಜಯಂಗೈದಿರುವ ಆನ್‌ಲೈನ್ ಅರ್ಜಿಯಾದ ತಮಗೆ, ದಾವಣಗೆರೆ ವಿದ್ಯಾನಗರದ ನೇತ್ರಾವತಿಯ ಸಾಷ್ಟಾಂಗ ನಮಸ್ಕಾರಗಳು. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹೆಸರಿಟ್ಟ ಅಪ್ಪನ ಮೇಲೆ ದೂರೇನೂ ಇಲ್ಲ. ಊರಿನಂಚಿನ ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೇನೆ. ತಿಂಗಳ ಕೊನೆಗೆ ಅಲ್ಲಿ ಆ ಕೆಲಸವೇ ಇರುವುದಿಲ್ಲ. ಆದ್ದರಿಂದ, ಅಂಧರಿಗೆಂದೇ ಮೀಸಲಾದ ತಮ್ಮ ಸಂಘದ ಹುದ್ದೆಗೆ ಅರ್ಜಿ ತುಂಬಲು ಕುಳಿತೆ.

ನನ್ನ ಲ್ಯಾಪ್‌ಟಾಪ್ ಪರದೆಯನ್ನು ಓದಿ ಹೇಳುತ್ತದೆ, ನಾನು ಟ್ಯಾಬ್ ಕೀಲಿ ಒತ್ತುತ್ತ ಒಂದು ಖಾನೆಯಿಂದ ಮುಂದಿನದಕ್ಕೆ ಹೋಗುತ್ತೇನೆ. ತಮ್ಮಲ್ಲಿ ಹೆಸರು, ತಂದೆಯ ಹೆಸರು, ಜಿಲ್ಲೆಯವರೆಗೆ ದಾರಿ ಸುಗಮ. ತಾಲ್ಲೂಕು ತುಂಬಿದೊಡನೆ ಮಾತ್ರ ತಾವು ಪುಟದ ನೆತ್ತಿಗೆ ಹಾರಿ ‘ಅಧ್ಯಕ್ಷರ ಸಂದೇಶ’ ಕೇಳಿಸುತ್ತೀರಿ. ಎಲ್ಲರನ್ನೂ ಜೊತೆಗೆ ಕರೆದೊಯ್ಯುವುದೇ ಸಂಘದ ಧ್ಯೇಯ ಎಂಬ ಆ ಅಮೃತವಾಣಿಯನ್ನು ಹತ್ತೊಂಬತ್ತು ಸಲ ಕೇಳಿ ಧನ್ಯಳಾದೆ. ಇಪ್ಪತ್ತನೆಯ ಸಲ ಹೇಗೋ ಕೊನೆ ಮುಟ್ಟಿದಾಗ, ಹೆಸರಿಲ್ಲದ ಒಂದು ಬಟನ್ ಸಿಕ್ಕಿತು. ಒತ್ತಿದೆ. ತುಂಬಿದ್ದೆಲ್ಲ ಅಳಿಸಿಹೋಯಿತು.

ಸಹಾಯವಾಣಿಗೆ ಫೋನ್ ಮಾಡಿದರೆ, “ಮೌಸ್ ತಗೊಂಡು ಬಾಕ್ಸ್ ಮ್ಯಾಲೆ ಕ್ಲಿಕ್ ಮಾಡ್ರಿ” ಎಂದರು. ಕಣ್ಣು ಕಾಣುವುದಿಲ್ಲವೆಂದೆ. “ಹಂಗಾದ್ರೆ ಕಣ್ಣು ಕಾಣೋರನ್ನ ಪಕ್ಕದಾಗ ಕೂಡಿಸ್ಕೊಳ್ರಿ” ಎಂದು ಅಷ್ಟೇ ಪ್ರೀತಿಯಿಂದ ಸೂಚಿಸಿದರು.

ಮರುದಿನ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ವ್ಯವಸ್ಥಾಪಕರಾದ ತಿಮ್ಮೇಶ್ ಅವರ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೌಸ್ ಮುಟ್ಟದೆ ಒಮ್ಮೆ ಅವರೇ ಅರ್ಜಿ ತುಂಬಬೇಕೆಂದು ಬೇಡಿಕೊಂಡೆ. ಮೂರನೆಯ ಸಲಕ್ಕೆ ಅವರು, “ಏನ್ರೀ ಇದು, ಹಿಡಿದಲ್ಲಿ ನಿಲ್ಲಂಗಿಲ್ಲ!” ಎಂದು ಕುರ್ಚಿ ಹಿಂದೆ ಸರಿಸಿದರು. ನನ್ನ ಅರ್ಜಿಯನ್ನು ಕಾಗದದಲ್ಲೇ ಪಡೆದು, “ನಿಮಗ ಕೆಲಸ ಸಿಕ್ಕಂಗೇ ಐತೆ ಬಿಡ್ರಿ. ಈ ಹುದ್ದೆಗೆ ಬ್ಯಾರೆ ಯಾರೂ ಅರ್ಜಿ ಹಾಕಿಲ್ಲ” ಎಂದರು.

ನನ್ನ ಪ್ರತಿಸ್ಪರ್ಧಿಗಳನ್ನೆಲ್ಲ ತಾಲ್ಲೂಕಿನ ಗಡಿಯಲ್ಲೇ ತಡೆದ ತಮ್ಮ ಉಪಕಾರ ಆಗ ಅರಿವಾಯಿತು. ಎದ್ದು ಬಾಗಿಲವರೆಗೆ ಬಂದೆ. ಕೆಲಸ ನನಗೆ ಬೇಕೇ ಬೇಕಿತ್ತು. ಆದರೂ ಹಿಂದಿರುಗಿ, “ಕಡೇ ದಿನ ಮುಂದಕ್ಕೆ ಹಾಕ್ರಿ, ಎಲ್ಲಾರ ಹತ್ರನೂ ಕಾಗದದಾಗೇ ತಗೊಳ್ರಿ” ಎಂದೆ. ಅವರು ಒಪ್ಪಿದರು. ಹದಿನೈದು ದಿನದಲ್ಲಿ ಇನ್ನೂ ಹನ್ನೊಂದು ಅರ್ಜಿಗಳು ಬಂದವು. ಪರೀಕ್ಷೆ ಈ ಭಾನುವಾರ.

ತಾವು ಮಾತ್ರ ಇಂದಿಗೂ ಹಾರುತ್ತಲೇ ಇದ್ದೀರಿ. ಅಧ್ಯಕ್ಷರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಮ್ಮನ್ನು ಪೂರ್ತಿ ತುಂಬುವ ದಿನದವರೆಗೂ ತಮ್ಮ ಕಾಲುಗಳ ಕಸುವು ಕುಂದದಿರಲಿ.

ಟ್ಯಾಬ್ ಒತ್ತಿ ಬೆರಳು ಸವೆಸಿಕೊಂಡ,
ತಮ್ಮ ವಿಶ್ವಾಸಿ
ನೇತ್ರಾವತಿ

ವಿ.ಸೂ.: ಹನ್ನೊಂದು ಜನರಲ್ಲಿ ನನಗಿಂತ ಜಾಣರಿರಬಹುದು. ನಾನು ಸೋತರೆ ಸೋಲಿಸಿದವರು ಅವರೇ. ಆ ಹೆಮ್ಮೆಯನ್ನು ತಮಗಂತೂ ಬಿಟ್ಟುಕೊಡುವುದಿಲ್ಲ.