ಅಡುಗೆಮನೆಗೆ ಹೋದ ಕುರ್ಚಿ

ಕನ್ನಡ ಮೇಷ್ಟ್ರಾದವನು ಮನೆಯ ಸಾಮಾನುಗಳ ನಡುವೆ ನೆಮ್ಮದಿಯಿಂದ ಬದುಕುವುದು ಕಷ್ಟ. ಕತೆಯಲ್ಲಿ ಮುಚ್ಚಿದ ಕಿಟಕಿ ಬಂದರೆ ಅದು ಉಸಿರುಗಟ್ಟಿದ ಸಂಸಾರ, ನಿಂತ ಗಡಿಯಾರ ಬಂದರೆ ನಿಂತುಹೋದ ಬಾಳು ಎಂದು ಹುಮನಾಬಾದಿನ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದ್ದೇನೆ. ಈ ಚಟ ತರಗತಿಯಲ್ಲೇ ನಿಲ್ಲಲಿಲ್ಲ. ಒಮ್ಮೆ ಮುಡಬಿಯ ಬೀಗರ ಅಂಗಳದಲ್ಲಿ ಹಗ್ಗದ ಮೇಲೆ ಒಂದೇ ಧೋತರ ಒಣಗುತ್ತಿದ್ದುದನ್ನು ಕಂಡು, ಮನೆಯೊಡೆಯನ ಒಂಟಿತನಕ್ಕೆ ಕಣ್ಣು ತುಂಬಿಕೊಂಡೆ. ಉಳಿದ ಬಟ್ಟೆಗಳೆಲ್ಲ ಹಿತ್ತಲಿನ ಹಗ್ಗದ ಮೇಲಿದ್ದವು. ಬಸವಕಲ್ಯಾಣದ ನಮ್ಮ ಮನೆಯ ಗಡಿಯಾರಕ್ಕೆ ಸೆಲ್ ಹಾಕಿರೆಂದು ಹೆಂಡತಿ ಕಸ್ತೂರಿ ಎರಡು ತಿಂಗಳಿಂದ ಹೇಳುತ್ತಿದ್ದಾಳೆ. ನಾನು ಅದನ್ನು ನೋಡಿ ನಿಟ್ಟುಸಿರುಬಿಟ್ಟು ಕಾಲೇಜಿಗೆ ಹೋಗುತ್ತೇನೆ.

ಕಳೆದ ಚಳಿಗಾಲದಲ್ಲಿ ಪಡಸಾಲೆಯ ಬೆತ್ತದ ಕುರ್ಚಿ ಅಡುಗೆಮನೆಗೆ ಹೋಯಿತು. ಯಾಕೆಂದು ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಎಲ್ಲ ತಿಳಿದವನು ಕೇಳುವುದುಂಟೇ? ಒಲೆಯ ಪಕ್ಕದಲ್ಲಿ ಖಾಲಿ ಕುರ್ಚಿ ಕಂಡದ್ದೇ ತಲೆಯಲ್ಲಿ ಪ್ರಬಂಧ ಹುಟ್ಟಿತು. ಕಾಲೇಜಿನ ವಿಚಾರ ಸಂಕಿರಣದಲ್ಲಿ ಓದಿದೆ: ಅಡುಗೆಮನೆಯ ಒಂಟಿ ಕುರ್ಚಿಯೆಂದರೆ ಯಾರೂ ಮಾತಾಡಿಸದ ಹೆಣ್ಣಿನ ಬಾಳು. ಉದಾಹರಣೆಗೆ ನಮ್ಮ ಮನೆಯ ಕುರ್ಚಿಯನ್ನೇ ಕೊಟ್ಟೆ. ಚಪ್ಪಾಳೆ ಬಿತ್ತು. ಅಂದು ಹುಮನಾಬಾದಿನಲ್ಲಿರುವ ತನ್ನ ತಂಗಿಯ ಮನೆಗೆಂದು ನನ್ನೊಡನೆ ಬಂದಿದ್ದ ಕಸ್ತೂರಿ, ಕೊನೆಯ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿದಳು.

ಸಂಜೆ ಇಬ್ಬರೂ ಬಸವಕಲ್ಯಾಣದ ಬಸ್ಸು ಹತ್ತಿದೆವು. ಬಸ್ಸು ಊರು ದಾಟುವವರೆಗೂ ಅವಳ ಹೊಗಳಿಕೆಗೆ ಕಾದು ಸಾಕಾಗಿ, “ಹ್ಯಾಂಗಿತ್ತು?” ಎಂದೆ.

“ಛಲೋ ಓದಿದ್ರಿ. ನನ್ನ ಮೊಣಕಾಲು ನೋಯಾಕತ್ತಾವ್ರಿ. ಹಂಚಿನ ಮ್ಯಾಲ ರೊಟ್ಟಿ ಬೇಯೋತನಕ ಜರಾ ಕುಂದ್ರಾಕ ಅಂತ ಕುರ್ಚಿ ಒಯ್ದಿದ್ದೆ.”

“ಹೇಳಬಾರದಿತ್ತೇನು?”

“ನೀವು ಕೇಳಬೇಕಿತ್ತಲ್ರಿ,” ಎಂದು ಕಿಟಕಿಯತ್ತ ಮುಖ ತಿರುಗಿಸಿದಳು. ಅದಕ್ಕೆ ಅರ್ಥ ಹುಡುಕುವ ಧೈರ್ಯ ನನಗಾಗಲಿಲ್ಲ. ನಾಚಿಕೆಯಿಂದ ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ.

ಮರುದಿನ ಬೆಳಿಗ್ಗೆ ಕುರ್ಚಿ ಪಡಸಾಲೆಗೆ ವಾಪಸು ಬಂದಿತ್ತು. ಒಳಗೆ ಅವಳು ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯಿಂದ ರೊಟ್ಟಿ ತಿರುವುತ್ತಿದ್ದಳು. ನಾನೇ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಸಂಜೆ ಡಾಕ್ಟರ ಬಳಿ ಹೋಗೋಣ, ಈಗ ಕೂತುಕೋ ಎಂದೆ.

“ಡಾಕ್ಟರ ಬಲ್ಲಿ ಬರ್ತೀನಿ. ಕುರ್ಚಿ ಬ್ಯಾಡ್ರಿ,” ಎಂದಳು. “ಇಷ್ಟು ದಿನ ಅದು ಬರೀ ಕುರ್ಚಿ ಇತ್ತು. ಈಗ ಅದರ ಮ್ಯಾಲ ಕುಂತ್ರ, ಯಾರೂ ಮಾತಾಡಸಲಾರದಾಕಿ ನಾನೇ ಅನಸ್ತದ.”

ನಾನು ಪಾಠ ಹೇಳಿದವರಲ್ಲಿ ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ.